ಕಚ್ಚಿಕೊಂಡ ಸ್ಟಿಯರಿಂಗ್: ಸುತ್ತಿಗೆಯೋ, ಕಟರೋ?

ಹಳೇ ಗಾಡಿಯ ಸ್ಟಿಯರಿಂಗ್ ತುಕ್ಕು ಹಿಡಿದು ಕಚ್ಚಿಕೊಂಡಿದ್ದರೆ ನಮ್ಮ ಕಡೆಯ ಮೆಕ್ಯಾನಿಕ್‌ಗಳು ಮೊದಲು ಸುತ್ತಿಗೆಗೆ ಕೈಹಾಕುತ್ತಾರೆ. ಹೊರನಾಡಿನಲ್ಲಿ ನಾನು ಕಂಡವರು ಕಟರ್ ಎತ್ತಿಕೊಳ್ಳುತ್ತಾರೆ: ಕತ್ತರಿಸು, ಹೊಸದು ಹಾಕು. ಹೊಸದು ಸಿಗುವ ಗಾಡಿಗೆ ಅದು ಸರಿ. ಬಿಡಿಭಾಗವೇ ನಿಂತುಹೋದ ಗಾಡಿಗೆ ನಮ್ಮವರ ದಾರಿಯೇ ಮೇಲು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಆದರೆ ಪೆಟ್ಟು ಎಲ್ಲಿಗೆ ಬೀಳುತ್ತದೆ ಅನ್ನುವುದೇ ಮುಖ್ಯ.

ಟೈ ರಾಡ್ ಎಂಡ್ ನೋಡಿ, ಅಂದರೆ ಸ್ಟಿಯರಿಂಗಿನ ರಾಡನ್ನು ಚಕ್ರದ ಕಡೆಯ ಆರ್ಮಿಗೆ ಸೇರಿಸುವ ಕೀಲು. ನಟ್ ಬಿಚ್ಚಿದರೂ ಅದು ಅಲ್ಲಾಡುವುದಿಲ್ಲ. ಬಿಗಿಯಾಗಿ ಕೂರಲೆಂದೇ ಅದರ ಬೋಲ್ಟಿಗೆ ಟೇಪರ್, ಅಂದರೆ ತುದಿಯ ಕಡೆಗೆ ಕಿರಿದಾಗುವ ಆಕಾರ, ಕೊಟ್ಟಿರುತ್ತಾರೆ. ಬೋಲ್ಟಿನ ತುದಿಗೆ ಬಡಿದರೆ ಥ್ರೆಡ್ ಹಾಳು, ಟೇಪರ್ ಅಲ್ಲೇ. ನಟ್ಟನ್ನು ಕೆಲವು ಸುತ್ತು ಸಡಿಲಿಸಿ ಹಾಗೇ ಬಿಟ್ಟು, ಆರ್ಮಿನ ಕಣ್ಣಿನ (ಬೋಲ್ಟ್ ಕೂರುವ ಬಳೆಯಂಥ ಭಾಗದ) ಒಂದು ಬದಿಗೆ ಭಾರದ ಸುತ್ತಿಗೆ ಒತ್ತಿಹಿಡಿದು ಎದುರು ಬದಿಗೆ ಚುರುಕಾಗಿ ಹೊಡೆಯಬೇಕು. ಆ ಕ್ಷಣ ಕಣ್ಣು ಕೂದಲೆಳೆಯಷ್ಟು ಅಂಡಾಕಾರವಾಗುತ್ತದೆ, ಟೇಪರ್ ಕಳಚುತ್ತದೆ. ಕವೆಯಂಥ ಫೋರ್ಕ್ ಸಂದಿಗೆ ತೂರಿಸಿದರೂ ಬರುತ್ತದೆ, ಆದರೆ ಕೀಲನ್ನು ಮುಚ್ಚಿರುವ ರಬ್ಬರ್ ಬೂಟ್ ಹರಿಯುತ್ತದೆ.

ಸ್ಟಿಯರಿಂಗ್ ಬಾಕ್ಸಿನ ಶಾಫ್ಟಿಗೆ ಕೂರುವ ಡ್ರಾಪ್ ಆರ್ಮ್ ವಿಷಯದಲ್ಲಿ ಮಾತ್ರ ನಮ್ಮವರ ಅವಸರ ನನಗೆ ನೋವು ತರುತ್ತದೆ. ಶಾಫ್ಟಿನ ತುದಿಗೆ ಬಿದ್ದ ಪ್ರತಿ ಪೆಟ್ಟೂ ನೇರ ಸ್ಟಿಯರಿಂಗ್ ಬಾಕ್ಸಿನ ಒಳಕ್ಕೇ ಹೋಗುತ್ತದೆ, ಬೇರಿಂಗ್ ತಿನ್ನುತ್ತದೆ. ಇಲ್ಲಿ ಸ್ಕ್ರೂ ತಿರುಗಿಸಿ ಎಳೆದು ತೆಗೆಯುವ ಪುಲ್ಲರ್ ಬೇಕೇ ಬೇಕು. ಮೊದಲು ಆರ್ಮಿಗೂ ಶಾಫ್ಟಿಗೂ ಗುರುತು ಹಾಕಿ, ಸಂದಿಗೆ ಇಳಿಯುವ ಪೆನೆಟ್ರೇಟಿಂಗ್ ಎಣ್ಣೆ ಬಿಟ್ಟು ರಾತ್ರಿಯಿಡೀ ನೆನೆಸಿ. ಪುಲ್ಲರ್ ಬಿಗಿಮಾಡಿ, ಆ ಬಿಗುವಿನಲ್ಲೇ ಆರ್ಮಿನ ಪಕ್ಕಕ್ಕೆ ಒಂದೆರಡು ಏಟು ಕೊಡಿ.

ಅದಕ್ಕೂ ಜಗ್ಗದಿದ್ದರೆ ಎಣ್ಣೆ ಒರೆಸಿ, ಹೊರಗಿನ ಭಾಗವನ್ನಷ್ಟೇ ಬಿಸಿ ಮಾಡಿ. 25 ಮಿಲಿಮೀಟರ್ ವ್ಯಾಸದ ಉಕ್ಕಿನ ಕಣ್ಣು 300 ಡಿಗ್ರಿ ಸೆಲ್ಸಿಯಸ್ ಹೆಚ್ಚು ಕಾದರೆ ಸುಮಾರು 0.09 ಮಿಲಿಮೀಟರ್ ಹಿಗ್ಗುತ್ತದೆ. ತುಕ್ಕಿನ ಹಿಡಿತ ಒಡೆಯಲು ಅಷ್ಟು ಸಾಕಾಗುವುದೇ ಹೆಚ್ಚು. ಕೆಂಪಗಾಗುವಷ್ಟು ಕಾಯಿಸಿದರೆ ಉಕ್ಕಿನ ಹದವೇ ಕೆಡುತ್ತದೆ. ಮುಂದಿನ ಚಕ್ರ ಎಡಬಲಕ್ಕೆ ತಿರುಗಲು ಆಧಾರವಾದ ಕಿಂಗ್ ಪಿನ್ ಆದರೆ ಬಿಸಿಗಿಂತ ಮುಂಚೆ ಅಡ್ಡಲಾಗಿ ಕೂತ ಲಾಕ್ ಪಿನ್ ತೆಗೆದಿದ್ದೀರಾ ನೋಡಿಕೊಳ್ಳಿ.

ಕಳಚುವಾಗ ಬಾಗಿದ ಆರ್ಮನ್ನು ಬಡಿದು ನೆಟ್ಟಗೆ ಮಾಡಿ ಮತ್ತೆ ಹಾಕುವುದನ್ನು ಮಾತ್ರ ನಾನು ಒಪ್ಪಲಾರೆ. ಅದರಲ್ಲಿ ಕಣ್ಣಿಗೆ ಕಾಣದ ಬಿರುಕು ಇರಬಹುದು, ಓಡುವಾಗ ಮುರಿದರೆ ಚಕ್ರ ಚಾಲಕನ ಮಾತು ಕೇಳುವುದಿಲ್ಲ. ಆ ಒಂದು ವಿಷಯದಲ್ಲಿ ಕಟರ್ ಹಿಡಿದವರೇ ಸರಿ.