ಮೆಣಸಿನ ಏಣಿಗೂ ಒಂದು ಬೆಲ್ಟ್ ಇರಲಿ

ನ್ಯೂಜೆರ್ಸಿಯ ನಮ್ಮ ಗೋದಾಮಿನಲ್ಲಿ ಆರ್ಡರ್ ಪಿಕರ್ ಅನ್ನೋ ಎತ್ತುವ ಗಾಡಿ ಮೇಲೇರುವ ವಿಡಿಯೋ ಒಂದನ್ನು ಸೋಮವಾರಪೇಟೆಯ ಭಾವನಿಗೆ ಕಳಿಸಿದ್ದೆ. 'ಏನಯ್ಯಾ, ಇಷ್ಟಕ್ಕೇ ಮೈಗೆಲ್ಲ ಬೆಲ್ಟಾ? ನಮ್ಮ ಮೆಣಸು ಕೊಯ್ಯೋರು ನೋಡಿದ್ರೆ ನಗ್ತಾರೆ' ಅಂತ ಉತ್ತರ ಬಂತು. ನನಗೆ ನಗು ಬರಲಿಲ್ಲ.

ಮಾಮೂಲಿ ಫೋರ್ಕ್‌ಲಿಫ್ಟ್‌ನಲ್ಲಿ ಸರಕು ಮೇಲೆ ಹೋಗುತ್ತದೆ, ಆಳು ಕೆಳಗೇ ಇರುತ್ತಾನೆ. ಆರ್ಡರ್ ಪಿಕರ್‌ನಲ್ಲಿ ಆಳೂ ಜೊತೆಗೆ ಏರುತ್ತಾನೆ. ಅಂಗಡಿಯವರು ಪೂರ್ತಿ ಪ್ಯಾಲೆಟ್ (ಸರಕು ಪೇರಿಸುವ ಹಲಗೆ) ಕೇಳೋದಿಲ್ಲ ನೋಡಿ. ಈ ರ‍್ಯಾಕ್‌ನಿಂದ ಎರಡು ಡಬ್ಬ, ಆ ರ‍್ಯಾಕ್‌ನಿಂದ ಒಂದು. ಅದಕ್ಕೆ ಫೋರ್ಕ್ ಮೇಲೆ ಖಾಲಿ ಪ್ಯಾಲೆಟ್ ಇಟ್ಟುಕೊಂಡು, ಬೇಕಾದ ಕಡೆ ಏರಿ, ಸ್ಕ್ಯಾನ್ ಮಾಡಿ, ಕೈಯಿಂದಲೇ ತೆಗೆದಿಡಬೇಕು. 30 ಅಡಿಯ ತನಕ ಏರುವ ಗಾಡಿಗಳಿವೆ. ಎತ್ತರ ಹೆಚ್ಚಿದಂತೆ ವೇಗ ತಾನೇ ಇಳಿಯುತ್ತದೆ. ಪೆಡಲ್‌ನಿಂದ ಕಾಲು ತೆಗೆದರೆ ಗಾಡಿ ನಿಲ್ಲುತ್ತದೆ. ಬೆಲ್ಟಿನ ಕೊಕ್ಕೆಯನ್ನು ಗಾಡಿಗೆ ಸಿಕ್ಕಿಸದೆ ಯಾರೂ ಏರುವಂತಿಲ್ಲ. ಗಾಡಿ ಇರುವ ಓಣಿಯಲ್ಲಿ ಬೇರೆಯವರು ಕಾಲಿಡುವಂತಿಲ್ಲ. ಅಮೆರಿಕದ ಕಾನೂನಿನಂತೆ 18 ತುಂಬದವರು ಇದನ್ನು ಓಡಿಸುವಂತಿಲ್ಲ. ತರಬೇತಿ ಕಡ್ಡಾಯ, 3 ವರ್ಷಕ್ಕೊಮ್ಮೆಯಾದರೂ ಮತ್ತೆ ಪರೀಕ್ಷೆ.

ಈಗ ನಮ್ಮ ತೋಟಕ್ಕೆ ಬನ್ನಿ. ಮೆಣಸಿನ ಬಳ್ಳಿ ಹಬ್ಬಿದ ಸಿಲ್ವರ್ ಓಕ್ ಮರಕ್ಕೆ ಒರಗಿಸಿದ ಒಂಟಿ ಬಿದಿರಿನ ಏಣಿ. ಹೆಗಲಿಗೆ ಚೀಲ. ಒಂದು ಕೈ ಬಳ್ಳಿಯಲ್ಲಿ, ಇನ್ನೊಂದು ಏಣಿಯಲ್ಲಿ. ಎತ್ತರ ಅದೇ 30 ಅಡಿ, ಕೆಲವು ಕಡೆ ಇನ್ನೂ ಜಾಸ್ತಿ. ಕೆಳಗೊಬ್ಬ ಏಣಿ ಹಿಡಿದರೆ ಹಿಡಿದ, ಇಲ್ಲವಾದರೆ ಇಲ್ಲ. ಮೆಣಸಿನ ರೇಟ್ ಎಷ್ಟಾಯ್ತು ಅಂತ ದಿನಾ ವಿಚಾರಿಸುವ ನಾವು, ಬಿದಿರು ಸೀಳಿದೆಯಾ ಅಂತ ಒಮ್ಮೆಯಾದರೂ ನೋಡುತ್ತೇವಾ? ಪ್ರತಿ ಸೀಸನ್‌ನಲ್ಲೂ ಊರಿನಿಂದ ಫೋನ್ ಬಂದಾಗ ಯಾರೋ ಬಿದ್ದ ಸುದ್ದಿ ಇದ್ದೇ ಇರುತ್ತದೆ. 'ಅವನ ಟೈಮ್ ಸರಿ ಇರಲಿಲ್ಲ' ಅನ್ನುತ್ತಾರೆ. ಟೈಮ್ ಅಂತೆ!

ಇಳಿಜಾರಿನ ತೋಟಕ್ಕೆ ಆರ್ಡರ್ ಪಿಕರ್ ಬರೋದಿಲ್ಲ, ಗೊತ್ತು. ಅದಕ್ಕೆ ಸಮತಟ್ಟಾದ ಕಾಂಕ್ರೀಟ್ ನೆಲ ಬೇಕು. ನಾನು ಕೇಳುತ್ತಿರುವುದು ಬೆಲ್ಟ್ ಮಾತ್ರ. ಕೊಕ್ಕೆ ಹಾಕಲು ಮರ ಅಲ್ಲೇ ಇದೆಯಲ್ಲ?

ಹಾಗಂತ ಇಲ್ಲಿನವರೇನು ದೇವರಲ್ಲ. ಈ ಕಾಳಜಿಯಲ್ಲಿ ಅರ್ಧಕ್ಕಿಂತ ಜಾಸ್ತಿ ದಂಡದ ಭಯ. ಆ ಸ್ಕ್ಯಾನರ್ ಗಂಟೆಗೆ ಎಷ್ಟು ಡಬ್ಬ ತೆಗೆದೆ ಅಂತ ಲೆಕ್ಕ ಇಡುತ್ತದೆ, ಹತ್ತು ಗಂಟೆಗೆ ಮರದಡಿ ಕೂತು ಕಾಫಿ ಕುಡಿಯುತ್ತಾ ಹರಟೋದೆಲ್ಲ ಇಲ್ಲಿಲ್ಲ. ಊರಲ್ಲಿ ಯಾರಾದರೂ ಬಿದ್ದರೆ ಸಾಹುಕಾರರೇ ಜೀಪಿನಲ್ಲಿ ಹಾಕಿಕೊಂಡು ಮಡಿಕೇರಿಗೆ ಓಡುತ್ತಾರೆ, ಅದೂ ನಿಜ.

ಭಾವನ ಇನ್ನೊಂದು ಮಾತನ್ನೂ ತಳ್ಳಿಹಾಕೋಕೆ ಆಗಲಿಲ್ಲ. ಕೆಜಿ ಲೆಕ್ಕದಲ್ಲಿ ಕೂಲಿ ಇರುವಾಗ, ಏರಿದಾಗಲೆಲ್ಲ ಕೊಕ್ಕೆ ಬದಲಿಸುತ್ತಾ ಕೂತರೆ ಕೊಯ್ಯುವವರಿಗೇ ನಷ್ಟ, ಅವರೇ ಬೇಡ ಅಂತಾರೆ ಅಂದರು. ಹಾಗಾದರೆ ಎತ್ತರದ ಮರಗಳಿಗಾದರೂ ಕೆಜಿ ಬಿಟ್ಟು ದಿನಗೂಲಿ ಕೊಡಿ ಭಾವ, ಬೆಲ್ಟಿನ ದುಡ್ಡು ನಾನು ಕಳಿಸುತ್ತೇನೆ.