ನಮ್ಮ ರಸ್ತೆಯ ನೀರು ಕೆಳಗಿನ ರಸ್ತೆಯ ಅಜ್ಜಿ ಮನೆಗೆ ಹೋಯಿತು

ಹೋದ ಬೇಸಿಗೆಯಲ್ಲಿ ನಮ್ಮ ರಸ್ತೆಯ ಮೋರಿ ಹೊಸದಾಯಿತು. ಹಳೇದು ಸೈಜುಗಲ್ಲಿನದು, ತಳದಲ್ಲಿ ಬರೀ ಮಣ್ಣು. ಅದನ್ನು ಕಿತ್ತು ತಳಕ್ಕೂ ಪಕ್ಕಕ್ಕೂ ಕಾಂಕ್ರೀಟ್ ಹಾಕಿದರು. ಮೊದಲ ಜೋರು ಮಳೆಗೆ ನಮ್ಮಲ್ಲಿ ಒಂದು ಹನಿಯೂ ನಿಲ್ಲಲಿಲ್ಲ. ಎಲ್ಲರಿಗೂ ಖುಷಿ. ಮರುದಿನ ಹಾಲು ತರಲು ಕೆಳಗಿನ ರಸ್ತೆಗೆ ಹೋದೆ. ಅಲ್ಲೊಬ್ಬರು ಅಜ್ಜಿ ನೆನೆದ ಹಾಸಿಗೆಯನ್ನು ಕಾಂಪೌಂಡ್ ಮೇಲೆ ಹರವುತ್ತಿದ್ದರು. "ನಿಮ್ಮ ನೀರೆಲ್ಲಾ ನಮ್ಮನೆಗೇ ಬಂತಪ್ಪ" ಅಂದರು. ಉತ್ತರ ಕೊಡೋಕೆ ನನ್ನ ಹತ್ತಿರ ಮಾತೇ ಇರಲಿಲ್ಲ.

ಬೆಂಗಳೂರಿನ ರಾಜಕಾಲುವೆಗಳಲ್ಲಿ, ಅಂದರೆ ಮಳೆನೀರು ಹರಿಯುವ ದೊಡ್ಡ ಕಾಲುವೆಗಳಲ್ಲಿ, ಆಗುತ್ತಿರುವುದೂ ಇದೇ. ಪ್ರತಿ ಮಳೆಗಾಲದಲ್ಲೂ ಹೂಳೆತ್ತಿ, ತಡೆಗೋಡೆ ಕಟ್ಟಿ, ಒತ್ತುವರಿ ತೆರವು ಮಾಡಿ ಎಂದು ಕೇಳುತ್ತೇವೆ. ಮೂರೂ ಬೇಕು. ಒತ್ತುವರಿ ವಿಷಯದಲ್ಲಂತೂ ರಾಜಿಯೇ ಬೇಡ. 2016ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಕೆರೆ ಸುತ್ತ 75 ಮೀಟರ್, ದೊಡ್ಡ ರಾಜಕಾಲುವೆಗೆ 50 ಮೀಟರ್ ಜಾಗ ಬಿಡಿ ಎಂದಿತ್ತು. 2019ರಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನು ರದ್ದು ಮಾಡಿತು. ನನಗೆ ಅದು ಇಂದಿಗೂ ಬೇಸರದ ಸಂಗತಿ.

ಆದರೆ ನೀರನ್ನು ಬೇಗ ಓಡಿಸಿಬಿಟ್ಟರೆ ಮುಗಿಯಿತಾ? 2022ರ ಸೆಪ್ಟೆಂಬರ್‌ನಲ್ಲಿ ಇದೇ ಊರಲ್ಲಿ ರಸ್ತೆಗಳು ಮುಳುಗಿ ಜನ ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದರು. 2024ರ ಬೇಸಿಗೆಯಲ್ಲಿ ಇದೇ ಊರಿನ ಬೋರ್‌ವೆಲ್‌ಗಳು ಬತ್ತಿ, ಟ್ಯಾಂಕರ್‌ಗೆ ದಿನಗಟ್ಟಲೆ ಕಾದೆವು. ಹಿಂದಿನವರು ಕಾಲುವೆ ಮಾಡಿದ್ದು ಒಂದು ಕೆರೆ ಕೋಡಿ ಬಿದ್ದ ನೀರು ಮುಂದಿನ ಕೆರೆಗೆ ಸೇರಲಿ ಎಂದು. ಪ್ರತಿ ಕೆರೆಯಲ್ಲೂ ನೀರು ನಿಂತು, ಇಂಗಿ, ಮಿಕ್ಕಿದ್ದಷ್ಟೇ ಮುಂದೆ ಹೋಗುತ್ತಿತ್ತು. ಈಗ ನಡುವೆ ಇದ್ದ ಎಷ್ಟೋ ಕೆರೆಗಳೇ ಇಲ್ಲ.

ಒಂದು ಸಣ್ಣ ಲೆಕ್ಕ ನೋಡಿ. ಬೆಂಗಳೂರಿಗೆ ವರ್ಷಕ್ಕೆ ಸುಮಾರು 970 ಮಿಲಿಮೀಟರ್ ಮಳೆ. 30x40 ಅಡಿಯ ಒಂದು ಸೈಟಿನ ಮೇಲೆ ಬೀಳುವುದೇ 1 ಲಕ್ಷ ಲೀಟರ್‌ಗಿಂತ ಜಾಸ್ತಿ! 2009ರಲ್ಲೇ ಜಲಮಂಡಳಿ ಇಂಥ ಸೈಟಿನ ಹೊಸ ಮನೆಗಳಿಗೆ ಮಳೆ ನೀರು ಕೊಯ್ಲು ಕಡ್ಡಾಯ ಮಾಡಿತು. ಒಳ್ಳೇ ಕೆಲಸ. ಆದರೆ ರಸ್ತೆ, ಪಾರ್ಕು, ಮೈದಾನದ ಮೇಲೆ ಬೀಳುವ ನೀರು ಯಾರ ಜವಾಬ್ದಾರಿ? ಅದು ಪಾಲಿಕೆಯದೇ ಅಲ್ವಾ?

ಇದಕ್ಕೊಂದು ದಾರಿ ಕಬ್ಬನ್ ಪಾರ್ಕಿನಲ್ಲಿ ಕಾಣುತ್ತದೆ. ಅಲ್ಲಿ ಹಳೇ ಬಾವಿಗಳನ್ನು ಶುಚಿ ಮಾಡಿ, ಮಳೆನೀರನ್ನು ನೆಲಕ್ಕೆ ಇಳಿಸುವ ಹೊಸ ಇಂಗುಬಾವಿ ತೋಡಿದರು. ತೋಡಿದವರು ತಲೆತಲಾಂತರದಿಂದ ಬಾವಿ ತೋಡುತ್ತಾ ಬಂದ ಮಣ್ಣು ವಡ್ಡರು. ಇಂಗುಬಾವಿ ಎಂದರೆ ಸಾಮಾನ್ಯವಾಗಿ ಮೂರಡಿ ಅಗಲ, ಇಪ್ಪತ್ತಡಿ ಆಳ, ಒಳಗೆ ಸಿಮೆಂಟ್ ರಿಂಗು, ಅಷ್ಟೇ. ದೊಡ್ಡ ಯಂತ್ರ ಬೇಡ, ಕೈಗೆ ಕೆಲಸವೂ ಸಿಗುತ್ತದೆ.

ಒಂದು ಎಚ್ಚರಿಕೆ ಮಾತ್ರ ಬೇಕು. ಮೋರಿಗೆ ಕೊಳಚೆ ಸೇರುತ್ತಿದ್ದರೆ ಆ ನೀರನ್ನು ಇಂಗಿಸಲೇಬಾರದು, ಅಂತರ್ಜಲ ಕೆಡುತ್ತದೆ. ಮೊದಲು ಒಳಚರಂಡಿ ಸರಿಯಾಗಬೇಕು. ಕೋರಮಂಗಲ ಕಣಿವೆಯ ಕೆ-100 ಯೋಜನೆಯಲ್ಲಿ ಕಾಲುವೆಯಿಂದ ಕೊಳಚೆ ಬೇರೆ ಮಾಡುವ ಕೆಲಸಕ್ಕೆ ಕೈ ಹಾಕಿದ್ದು ಅದಕ್ಕೇ ನನಗೆ ಇಷ್ಟ.

ನಮ್ಮ ರಸ್ತೆಯ ಪಾರ್ಕಿನಲ್ಲಿ ಎರಡು ಇಂಗುಬಾವಿ ತೋಡಿಸಿ, ಮುಂದೆ ಮೋರಿ ಮಾಡುವಾಗ ತಳ ಮಣ್ಣಾಗೇ ಬಿಡಿ ಎಂದು ಅರ್ಜಿ ಬರೆದಿದ್ದೇವೆ. ಭಾನುವಾರ ಸಹಿಗೆ ಹೊರಡುತ್ತೇನೆ. ಮೊದಲು ಕೆಳಗಿನ ರಸ್ತೆಯ ಅಜ್ಜಿ ಮನೆಗೆ.