ತಲೆನೋವಿಗೆ ‘ಗಟ್ಟಿ ಗುಳಿಗೆ’ ಕೇಳುವವರಿಗೆ

ಇವತ್ತು ಬೆಳಿಗ್ಗೆ ನನ್ನ ಔಷಧದಂಗಡಿಯಲ್ಲಿ ಒಬ್ಬ ಗಿರಾಕಿ ಜೊತೆ ಜಗಳ ಆಡಿದೆ. ಸಿಂಧನೂರಿನ ಗೆಳೆಯರಿಗೆ ಆಗಲೇ ಸುದ್ದಿ ಮುಟ್ಟಿರುತ್ತದೆ, ನಮ್ಮೂರಲ್ಲಿ ವಾಟ್ಸಾಪ್‌ಗಿಂತ ಚಹಾದಂಗಡಿ ಫಾಸ್ಟು. ಉಳಿದವರಿಗಾಗಿ ಬರೆಯುತ್ತಿದ್ದೇನೆ.

ಬಂದವನು ಕೇಳಿದ್ದು ಇಷ್ಟೇ: "ತಲಿನೋವಿಗೆ ಒಂದು ಗಟ್ಟಿ ಗುಳಿಗಿ ಕೊಡ್ರಿ." ಯಾರಿಗೆ ಅಂದೆ. ಹೆಂಡತಿಗಂತೆ. ಹಸಿ ಬಾಣಂತಿ. ಮೊನ್ನೆ ಬಚ್ಚಲಲ್ಲಿ ತಲೆಗೆ ಬಿಸಿನೀರು ಎರೆಯುವಾಗ "ಒಮ್ಮಿಗೇ ಯಾರೋ ಕೊಡಲೀಲೆ ಹೊಡದಂಗಾತು" ಅಂತ ತಲೆ ಹಿಡಿದು ಕುಂತಳಂತೆ. ಒಂದೆರಡು ತಾಸಿಗೆ ಇಳಿಯಿತು. ನಿನ್ನೆ ಕೆಮ್ಮಿದಾಗ ಮತ್ತೆ ಹಾಗೇ.

ಕೌಂಟರ್ ಮುಂದೆ ನಿಂತವರೆಲ್ಲ ಡಾಕ್ಟರೇ. "ಬಾಣಂತಿಗೆ ಗಾಳಿ ಹೊಕ್ಕೈತಿ, ಕಿವಿಗೆ ಹತ್ತಿ ಅರಳಿ ಇಟ್ಟು ಬಿಗಿಯಾಗಿ ಕಟ್ರಿ." "ಪಿತ್ತ ಇರ್ಬೇಕು." ಇನ್ನೊಬ್ಬ, "ಈ ಬಿಸಿಲಿಗೆ ಯಾರಿಗೆ ತಲಿನೋವಿಲ್ಲ ಹೇಳ್ರಿ?" ರಾಯಚೂರು ಜಿಲ್ಲೆಯಲ್ಲಿ ಬಿಸಿಲು ಅನ್ನೋದೊಂದು ಇಲ್ಲದಿದ್ದರೆ ಇವರೆಲ್ಲ ಯಾವ ರೋಗದ ಹೆಸರು ಹೇಳುತ್ತಿದ್ದರೋ!

ಗುಳಿಗೆ ಕೊಡಲ್ಲ, ಈಗಿಂದೀಗಲೇ ದೊಡ್ಡ ಆಸ್ಪತ್ರೆಗೆ ಕರಕೊಂಡು ಹೋಗು ಅಂದೆ. "ನೀ ಗುಳಿಗಿ ಮಾರಾಕ ಕುಂತೀಯೋ, ಬುದ್ಧಿ ಹೇಳಾಕೋ" ಅಂತ ಎದುರಿನ ಅಂಗಡಿಗೆ ಹೋದ. ನಾನೂ ರಸ್ತೆ ದಾಟಿ ಹಿಂದೆಯೇ ಹೋದೆ. ಕೂಗಾಡಿದೆ. ಕೊನೆಗೆ ಅವನ ಭಾವ ಕಾರು ತಂದು ಕರಕೊಂಡು ಹೋದ.

ಯಾಕಿಷ್ಟು ಸಿಟ್ಟು? ನನಗೂ ಮೈಗ್ರೇನ್ ಇರುವುದು ನಿಮಗೆಲ್ಲ ಗೊತ್ತು. ಅದು ನಿಧಾನಕ್ಕೆ ಏರುತ್ತದೆ. ಅಂಗಡಿ ಹುಡುಗನಿಗೆ ಬೈದು, ಶಟರ್ ಎಳೆದು, ಮನೆಗೆ ಹೋಗಿ ಮಲಗುವಷ್ಟು ಟೈಮ್ ಕೊಡುತ್ತದೆ. ಒಂದೇ ನಿಮಿಷದೊಳಗೆ ತುತ್ತತುದಿ ಮುಟ್ಟುವ ತಲೆನೋವಿನ ಕಥೆಯೇ ಬೇರೆ. ಅದು ಮೆದುಳಿನ ರಕ್ತನಾಳ ಉಬ್ಬಿ ಒಡೆದದ್ದಿರಬಹುದು. ಬಾಣಂತಿಯರಲ್ಲಿ ಬಿಪಿ ಏರಿದ್ದಿರಬಹುದು, ಮೆದುಳಿನ ಸಿರೆಯಲ್ಲಿ ರಕ್ತ ಹೆಪ್ಪುಗಟ್ಟಿದ್ದಿರಬಹುದು. ಇಲ್ಲವೇ ಆರ್‌ಸಿವಿಎಸ್ (ರಿವರ್ಸಿಬಲ್ ಸೆರೆಬ್ರಲ್ ವಾಸೋಕನ್‌ಸ್ಟ್ರಿಕ್ಷನ್ ಸಿಂಡ್ರೋಮ್): ಮೆದುಳಿನ ಅಪಧಮನಿಗಳು ಅಲ್ಲಲ್ಲಿ ತಾತ್ಕಾಲಿಕವಾಗಿ ಬಿಗಿದುಕೊಂಡು ಸಣ್ಣಗಾಗುವುದು. ಮೊದಲು ಇದಕ್ಕೆ ಹತ್ತಾರು ಹೆಸರಿದ್ದವು, ಬಾಣಂತಿಯರದ್ದಕ್ಕೇ ಒಂದು ಹೆಸರು. 2007ರಲ್ಲಿ ಎಲ್ಲವನ್ನೂ ಈ ಒಂದೇ ಹೆಸರಿನಡಿ ತಂದರು. ಹೆಂಗಸರಲ್ಲೇ ಜಾಸ್ತಿ. ಸಿಡಿಯುವ ನೋವು ಒಂದರಿಂದ ಮೂರು ವಾರ ಮತ್ತೆ ಮತ್ತೆ ಬರುತ್ತದೆ. ಕೆಮ್ಮಿದರೆ, ಮುಕ್ಕರಿದರೆ, ಸ್ನಾನ ಮಾಡಿದರೆ, ಗಂಡ ಹೆಂಡತಿ ಸೇರಿದಾಗ, ಸಿಟ್ಟು ಬಂದರೂ ಸಾಕು. ಹೆಚ್ಚಿನವರಲ್ಲಿ ಮೂರು ತಿಂಗಳೊಳಗೆ ನಾಳಗಳು ಮೊದಲಿನಂತಾಗುತ್ತವೆ. ಆದರೆ ಕೆಲವರಿಗೆ ಆ ನಡುವೆಯೇ ಲಕ್ವ ಹೊಡೆಯುತ್ತದೆ, ಮೆದುಳಿನ ಮೇಲ್ಪದರದಲ್ಲಿ ರಕ್ತ ಸೋರುತ್ತದೆ.

ಈಗ ಆ ‘ಗಟ್ಟಿ ಗುಳಿಗೆ’ಗೆ ಬರೋಣ. ನಮ್ಮ ಕಡೆ ಮೈಗ್ರೇನಿಗೆ ಅಂತ ಡಾಕ್ಟರ ಚೀಟಿ ಇಲ್ಲದೆ ಕೇಳಿ ನುಂಗುವ ಗುಳಿಗೆಗಳಲ್ಲಿ ಎರ್ಗೋಟಮಿನ್ ಇರುವುದುಂಟು. ಅದರ ಕೆಲಸವೇ ರಕ್ತನಾಳ ಬಿಗಿಸುವುದು. ಮೈಗ್ರೇನಿಗೇ ಕೊಡುವ ಟ್ರಿಪ್ಟಾನ್ ಗುಳಿಗೆಗಳೂ ಅದನ್ನೇ ಮಾಡುತ್ತವೆ. ಮೊದಲೇ ಬಿಗಿದುಕೊಂಡ ನಾಳಕ್ಕೆ ಇನ್ನಷ್ಟು ಬಿಗಿಸುವ ಔಷಧ! ನೆಗಡಿ ಗುಳಿಗೆಯ ಫಿನೈಲೆಫ್ರಿನ್, ಸೂಡೋಎಫೆಡ್ರಿನ್, ಮೂಗು ಕಟ್ಟಿದ್ದಕ್ಕೆ ಬಿಡುವ ಹನಿಗಳೂ ಇದೇ ಜಾತಿಯವು. ನೆಗಡಿಗೆ ನುಂಗಿದವರಿಗೆಲ್ಲ ಹೀಗಾಗುವುದಿಲ್ಲ, ಹೆದರಬೇಡಿ. ಆದರೆ ಇಂಥ ತಲೆನೋವು ಬಂದ ಮೇಲೂ ನುಂಗುವುದಿದೆಯಲ್ಲ, ಅದಕ್ಕೆ ಏನನ್ನಬೇಕು? ಇದನ್ನೆಲ್ಲ ಮಾರಿಯೇ ನಾನು ಉಣ್ಣುವುದು, ಅದೂ ನಿಜ. ಅದಕ್ಕೇ ಜಾಸ್ತಿ ಉರಿಯುತ್ತದೆ.

"ಹಂಗಾದ್ರ ತಲಿನೋವು ಅಂದವರನ್ನೆಲ್ಲ ಸ್ಕ್ಯಾನಿಂಗಿಗೆ ಕಳಸ್ತೀಯೇನಪ, ಕಮಿಷನ್ ಎಷ್ಟು?" ಅಂತ ಒಬ್ಬ ಗೆಳೆಯ ಆಗಲೇ ಫೋನ್ ಮಾಡಿ ಕೇಳಿದ. ಎಲ್ಲರನ್ನೂ ಯಾರು ಕಳಿಸಿದರು ಮಾರಾಯ? ಮೊದಲು ಕೇಳಬೇಕಾದ್ದು ಇದು: ನೋವು ಜೋರಾಗಲು ಎಷ್ಟು ಹೊತ್ತು ಹಿಡಿಯಿತು? ನಿಮಿಷದೊಳಗೆ ಅಂದರೆ ಹೋಗಲೇಬೇಕು. ಇಷ್ಟು ಕೇಳಲು ಎಂಬಿಬಿಎಸ್ ಬೇಕಾ?

ಅದೇ ಗಂಡನಿಗೆ ಎದೆ ಹಿಡಿದಿದ್ದರೆ ಇಷ್ಟೊತ್ತಿಗೆ ಇಡೀ ಓಣಿ ಆಂಬುಲೆನ್ಸ್ ಹಿಂದೆ ಇರುತ್ತಿತ್ತು. ಹೆಂಗಸಿನ ತಲೆ ಅಲ್ವಾ, ಅರಳಿ ಇಟ್ಟು ಕಟ್ಟಿದರೆ ಸಾಕು.

ಮೊದಲ ಸಿಟಿ ಸ್ಕ್ಯಾನ್ ನಾರ್ಮಲ್ ಬಂತು ಅಂತ ಪೇಡೆ ಹಂಚಬೇಡಿ. ಆರ್‌ಸಿವಿಎಸ್‌ನಲ್ಲಿ ಅದು ನಾರ್ಮಲ್ ಇರಬಹುದು. ನಾಳಗಳನ್ನೇ ನೋಡುವ ಆಂಜಿಯೋಗ್ರಾಮ್ ಕೂಡ ಮೊದಲ ವಾರ ಸರಿಯಾಗೇ ಕಂಡು, ಆಮೇಲೆ ಮತ್ತೊಮ್ಮೆ ತೆಗೆದಾಗ ಸಿಕ್ಕಿಬೀಳುವುದುಂಟು. ನೋವು ಮರಳಿ ಬಂದರೆ ನೀವೂ ಮರಳಿ ಹೋಗಿ. ಹೋಗುವಾಗ ನುಂಗಿದ ಎಲ್ಲ ಗುಳಿಗೆಗಳ ಖಾಲಿ ಸ್ಟ್ರಿಪ್ ಜೇಬಿನಲ್ಲಿರಲಿ, ಮೂಗಿನ ಹನಿಯ ಬಾಟ್ಲಿ ಸಮೇತ. ಗಾಂಜಾ ಸೇದುವವರು ಅದನ್ನೂ ಬಾಯಿಬಿಟ್ಟು ಹೇಳಿ, ಅದರಿಂದಲೂ ನಾಳ ಬಿಗಿಯುತ್ತದೆ. ಡಾಕ್ಟರು ಪೊಲೀಸರಲ್ಲ, ನಿಮ್ಮ ಅಪ್ಪನಿಗೂ ಹೇಳಲ್ಲ.